ಅಮ್ಮನ ಕಪ್ಪು ಜೋಡು

ಟರ್ಕಿಯವಳು ಅಂದರೆ ಮಿನಾರುಗಳನ್ನೋ ಮುಸುಕು ಹೊದ್ದ ಹೆಂಗಸರನ್ನೋ ಬರೆಯಬೇಕು, ಬರ್ಲಿನ್ನಿನ ಗ್ಯಾಲರಿಯವರಿಗೆ ಬೇಕಾದದ್ದು ಅಷ್ಟೇ. ಗುಲ್ಸೆರೆನ್ ಹಟಕ್ಕೆ ಬಿದ್ದು ಮೂವತ್ತು ವರ್ಷ ಎರಡನ್ನೂ ಮುಟ್ಟಲಿಲ್ಲ. ಶಾಲೆಯ ಮಕ್ಕಳಿಗೆ ಚಿತ್ರ ಕಲಿಸಿ ಹೊಟ್ಟೆ ಹೊರೆದಳು. ಬರ್ಲಿನ್ನಿನ ಟ್ರಾಮುಗಳನ್ನು, ಹಿಮ ಕರಗಿದ ಅಂಗಳಗಳನ್ನು ಬರೆದಳು. ಯಾರೂ ಮೂಸಿ ನೋಡಲಿಲ್ಲ.

ಅರವತ್ತು ತುಂಬಿದ ಮೇಲೆ ಟರ್ಕಿಯ ತೊಕಾತ್ ಊರಲ್ಲಿದ್ದ ಅಮ್ಮನ ನೆನಪು ಕಾಡತೊಡಗಿತು. ಮೊದಲ ಸಲ ತವರಿನ ಚಿತ್ರ ಬರೆದಳು: ಮುಚ್ಚಿದ ನೀಲಿ ಬಾಗಿಲು, ಹೊರಗೆ ಬೀದಿಯ ಮೆಟ್ಟಿಲ ಮೇಲೆ ಅಮ್ಮನ ಕಪ್ಪು ಜೋಡು. ಅದು ದೊಡ್ಡ ಪ್ರದರ್ಶನಕ್ಕೆ ಆಯ್ಕೆಯಾದಾಗ ಹಿಗ್ಗಿ, ಫೋಟೊ ತೆಗೆದು ಅಮ್ಮನಿಗೂ ಕಳಿಸಿದಳು.

ಪ್ರದರ್ಶನದ ದಿನ ಬರ್ಲಿನ್ನಿನ ನೆರೆಮನೆಯ, ತನ್ನಂತೆ ಟರ್ಕಿಯವಳೇ ಆದ ಹೈರಿಯೆ ಚಿತ್ರ ನೋಡಿದವಳೇ ಅವಳ ಕೈ ಹಿಡಿದುಕೊಂಡಳು. "ಅಮ್ಮ ಯಾವಾಗ ತೀರ್ಕೊಂಡ್ರು ಅಕ್ಕ? ನನಗೊಂದು ಮಾತು ಹೇಳಬಾರ್ದಿತ್ತಾ?"

"ಬಿಡ್ತು ಅನ್ನು! ಅಮ್ಮ ಗುಂಡುಕಲ್ಲಿನ ಹಂಗೆ ಇದಾಳೆ."

"ಮತ್ತೆ ಜೋಡು ಯಾಕಕ್ಕ ಬೀದಿಗಿಟ್ಟೆ? ಸತ್ತೋರದ್ದಲ್ವಾ ಹಂಗಿಡೋದು, ಯಾರಾದ್ರೂ ಬಡವರು ತಗೊಂಡು ಹೋಗ್ಲಿ ಅಂತ?"

ಗುಲ್ಸೆರೆನ್‌ಳಿಗೆ ಆಗ ನೆನಪಾಯಿತು. ಅಜ್ಜಿ ಸತ್ತಾಗ ಅಜ್ಜಿಯ ಜೋಡನ್ನು ಅದೇ ಮೆಟ್ಟಿಲ ಮೇಲೆ ಇಟ್ಟವಳು ತಾನೇ. ಮಿನಾರು ಬೇಡವೆಂದು ಮೂಗು ಮುರಿಯುತ್ತ ಮುರಿಯುತ್ತ ಇದನ್ನೂ ಮರೆತುಬಿಟ್ಟಿದ್ದಳು.

ಕೂಡಲೇ ಊರಿಗೆ ಫೋನ್ ಮಾಡಿದಳು. ಅಮ್ಮ ಬಯ್ಯಲಿಲ್ಲ.

"ಚೆನ್ನಾಗಿ ಬಂದಿದೆ ಮಗಳೇ, ಥೇಟ್ ನನ್ನ ಜೋಡೇ. ಸ್ವಲ್ಪ ಬೇಗ ಹೊರಗಿಟ್ಬಿಟ್ಟೆ, ಅಷ್ಟೆ."