ಹೊಂಗೆ ಮರದಡಿಯ ಮಂಚ

ಹೋದ ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ನಮ್ಮ ಮನೆಗೆ ನೆಂಟರು ಬಂದಿದ್ದರು. ಹಿತ್ತಲಿನ ದುಂಡುಮಲ್ಲಿಗೆ ಈ ಸಲ ಎಲೆಯೇ ಕಾಣದಷ್ಟು ಬಿಟ್ಟಿದೆ. ಅದನ್ನು ತೋರಿಸಲು ಅವರನ್ನು ಕರೆದುಕೊಂಡು ಹೋದ ನನ್ನ ಹೆಂಡತಿ, ಹೂವಿನ ಮೇಲೆ ಒಂದು ಜೇನುಹುಳ ಕಂಡದ್ದೇ ತಡ, ಆ ಕಥೆ ಶುರು ಮಾಡಿದಳು. ‘ನಮ್ಮೆಜಮಾನ್ರು ಹೆಜ್ಜೇನಿನ ಮಧ್ಯಕ್ಕೆ ಕಂಬಳಿ ಹಿಡ್ಕೊಂಡು ನುಗ್ಗಿದೋರು, ಗೊತ್ತಾ?’ ನೆಂಟರು ನನ್ನ ಕಡೆ ತಿರುಗಿದರು. ‘ಅಯ್ಯೋ, ಅದರಲ್ಲಿ ನಂದೇನೂ ಇಲ್ಲ ಬಿಡಿ’ ಎಂದೆ. ಇಪ್ಪತ್ತೇಳು ವರ್ಷಗಳಿಂದ ನಾನು ಹೀಗೆ ನಿಜವನ್ನೇ ಹೇಳುತ್ತ ಬಂದಿದ್ದೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತ ಬಂದಿದ್ದಾರೆ.

ನಿಮಗಾದರೂ ಮೊದಲಿನಿಂದ ಹೇಳಿಬಿಡುತ್ತೇನೆ.

ಆಗ ನಾನು ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ಹೊಸ ಮೇಷ್ಟ್ರು. ಮದುವೆಯಾಗಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ಪಾಂಡವಪುರದ ಸೋದರತ್ತೆಯ ಮನೆಗೆ ಓಡುತ್ತಿದ್ದೆ. ಊರಾಚೆ, ನಾಲೆಯ ಪಕ್ಕದಲ್ಲಿ ಅವರ ಮನೆ. ಮನೆ ಮುಂದೆ ಮಾವ ಬೆಳೆಸಿದ ಕೈತೋಟ. ಮಾವ ಬೇಸಾಯಗಾರರೇ, ಆದರೆ ಅವರ ಜೀವವಿದ್ದದ್ದು ಹೂವಿನಲ್ಲಿ. ‘ಗದ್ದೆಗೆ ಓಗೋ ಗೊಬ್ರನೆಲ್ಲ ಮಲ್ಲಿಗೆ ಬುಡುಕ್ ಸುರೀತಾವ್ರೆ, ನಾಳಿಕ್ಕೆ ಊವನ್ನೇ ಮುದ್ದೆ ಮಾಡಿ ಇಕ್ತೀನಿ’ ಎಂದು ಅತ್ತೆ ಬಯ್ಯುತ್ತಿದ್ದಳು. ಬಯ್ದು, ಮಾರನೆಯ ದಿನ ಅದೇ ಹೂವನ್ನು ಮುಡಿಯುತ್ತಿದ್ದಳು. ಯುಗಾದಿ ಹತ್ತಿರವಾದಂತೆ ಆ ತೋಟದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದು ಕಡೆ ಮಲ್ಲಿಗೆ, ಬಾವಿ ಪಕ್ಕ ಸಂಪಿಗೆ, ನಡುವೆ ದೊಡ್ಡ ಹೊಂಗೆ ಮರ. ಅದರ ಕೆಳಗೆ ನೆಲವೆಲ್ಲ ಉದುರಿದ ಹೂ. ಹುರಿದ ಅರಳು ಚೆಲ್ಲಿದ ಹಾಗೆ.

ಆ ವರ್ಷ ಮಾವನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಣ್ಣು ಮಾತ್ರ ಮೊದಲಿನಂತೆಯೇ ಎಲ್ಲವನ್ನೂ ನೋಡುತ್ತಿತ್ತು. ಒಳಗೆ ಮಲಗಿಸಿದರೆ ಎಡಗೈಯಲ್ಲಿ ಗೋಡೆ ಬಡಿಯುತ್ತಿದ್ದರು. ಹಾಗಾಗಿ ದಿನಾ ಬೆಳಿಗ್ಗೆ ನವಾರಿನ ಮಂಚ ಸಮೇತ ಅವರನ್ನು ಹೊಂಗೆ ಮರದ ಕೆಳಗೆ ತಂದಿಡುವುದು ವಾಡಿಕೆ. ಮುಖದ ಮೇಲೆ ಹೂ ಉದುರಿದರೆ ಒರೆಸಲು ಬಿಡುತ್ತಿರಲಿಲ್ಲ.

ಅವತ್ತು ಎಂಟು ಗಂಟೆ ಇರಬಹುದು. ನಾನು ಜಗುಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಅತ್ತೆ ಮೊಗ್ಗು ಬಿಡಿಸುತ್ತಿದ್ದಳು. ದೂರದಲ್ಲಿ ಲಾರಿ ಬಂದಂತೆ ಸದ್ದಾಯಿತು. ಲಾರಿ ಬರಲಿಲ್ಲ, ಸದ್ದು ಮಾತ್ರ ಹತ್ತಿರವಾಯಿತು. ತಲೆಯೆತ್ತಿ ನೋಡಿದರೆ ತೋಟದ ಮೇಲೆ ಕಪ್ಪಗೆ ಹೊಗೆಯಂಥದ್ದು ಸುತ್ತುತ್ತಿದೆ. ಹೆಜ್ಜೇನು. ನೋಡುನೋಡುತ್ತಿದ್ದಂತೆ ಅದು ಇಳಿದು ಹೊಂಗೆಯ ತಗ್ಗಿನ ಕೊಂಬೆಗೆ ಮೊರದಗಲ ಮೆತ್ತಿಕೊಂಡಿತು. ಕೆಳಗೆ, ಒಂದಾಳೆತ್ತರ ಬಿಟ್ಟು, ಮಾವನ ಮುಖ.

ಅತ್ತೆ ಬಾಯಿಗೆ ಬೆರಳಿಟ್ಟು ನನ್ನನ್ನು ಕಣ್ಣಲ್ಲೇ ಕರೆದಳು. ಬರಿಗಾಲಲ್ಲಿ ಹೋದೆ.

‘ಕೆಣಕ್ದೆ ಇದ್ರೆ ಏನೂ ಮಾಡಕಿಲ್ಲ ಕಣ್ಲಾ. ಒಂದೆರಡ್ ದಿನ ಇದ್ದು ಎದ್ದೋಯ್ತವೆ’ ಎಂದು ಪಿಸುಗುಟ್ಟಿದಳು. ಆಮೇಲೆ ಅವಳ ಕಣ್ಣು ಕಾಂಪೌಂಡಿನ ಆಚೆ ಹೋಯಿತು. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದ ಮೇಲೆ ಉಳಿದ ತರಗಿಗೆ ಯಾರೋ ಬೆಂಕಿ ಇಟ್ಟಿದ್ದರು. ಹೊಗೆ ಸದ್ಯಕ್ಕೆ ನಾಲೆಯ ಕಡೆಗೆ ಹೋಗುತ್ತಿತ್ತು. ಕೂಗಿ ಹೇಳುವ ಹಾಗಿಲ್ಲ, ಓಡಿಹೋಗಿ ಆರಿಸುವಷ್ಟು ಹೊತ್ತೂ ಇಲ್ಲ.

‘ಗಾಳಿ ತಿರುಗೋಕ್ ಮುಂಚೆ ಎತ್ಬುಡನ. ನೀನು ಕಾಲ್ಕಡೆ ಇಡ್ಕೊ. ಮೆಲ್ಲುಕೆ.’

ಎತ್ತಿದೆವು. ಮರದಿಂದ ಜಗುಲಿಗೆ ಇಪ್ಪತ್ತೈದು ಹೆಜ್ಜೆ. ಒಂದೊಂದು ಹೆಜ್ಜೆಗೂ ಮಂಚದ ಕೀಲು ಕಿರ್ರೆನ್ನುತ್ತಿತ್ತು. ಪ್ರತಿ ಸಲವೂ ನಾವಿಬ್ಬರೂ ನಿಂತು ಕೊಂಬೆಯತ್ತ ನೋಡುತ್ತಿದ್ದೆವು. ಹುಳುಗಳ ಮೈಮೇಲೆ ಅಲೆಯಂಥದ್ದೊಂದು ಹರಿದು ನಿಲ್ಲುತ್ತಿತ್ತು. ನನ್ನ ಅಂಗೈ ಬೆವೆತು ಮಂಚದ ಕಾಲು ಜಾರುತ್ತಿತ್ತು. ಮಾವ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡುತ್ತಿದ್ದರು. ಅರ್ಧ ದಾರಿ ಬಂದಿರಬೇಕು. ಮೂಗಿಗೆ ಸುಟ್ಟ ತರಗಿನ ವಾಸನೆ ಬಡಿಯಿತು. ಗಾಳಿ ತಿರುಗಿತ್ತು. ಹೊಗೆ ಗೋಡೆ ಹತ್ತಿ, ತೋಟದೊಳಕ್ಕೆ ಇಳಿದು, ಕೊಂಬೆಯನ್ನು ಮುಟ್ಟಿತು.

ಆ ಸದ್ದನ್ನು ಹೇಗೆ ಹೇಳಲಿ. ಕೊಂಬೆಯೇ ಸಿಡಿದ ಹಾಗಾಯಿತು.

ನಾನು ಮಂಚದ ಕಾಲು ಬಿಟ್ಟೆ. ಇಳಿಸಲಿಲ್ಲ, ಬಿಟ್ಟೆ. ಓಡಿ ಮನೆಯೊಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದೆ. ಕತ್ತಲೆಯ ನಡುಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಎಷ್ಟು ಹೊತ್ತು ನಿಂತೆನೋ, ಇವತ್ತಿಗೂ ತಿಳಿಯದು. ಎಣಿಸಿದ್ದರೆ ಬಹುಶಃ ಒಂದು ನಿಮಿಷವೂ ಆಗಲಿಕ್ಕಿಲ್ಲ. ಕಿಟಕಿಯ ಸಂದಿಯಲ್ಲಿ ನೋಡಿದಾಗ ಅತ್ತೆ ಮಾವನ ಮೇಲೆ ಕವುಚಿಕೊಂಡು ಬಿದ್ದಿದ್ದಳು. ಸೆರಗಿನಲ್ಲಿ ಅವರ ಮುಖ ಮುಚ್ಚಿದ್ದಳು. ಅವಳ ಬೆನ್ನು ಕಪ್ಪಗಾಗಿತ್ತು. ಕೂಗುತ್ತಿರಲಿಲ್ಲ. ಅದೇ ನನ್ನನ್ನು ಹೊರಗೆ ಎಳೆದದ್ದು. ಗೂಟದಲ್ಲಿದ್ದ ಕಂಬಳಿ ಕಿತ್ತು, ಚಿಲಕ ತೆಗೆದು ಹೋದೆ. ಇಬ್ಬರ ಮೇಲೂ ಹೊದಿಸಿ ಮಂಚವನ್ನು ದರದರ ಒಳಕ್ಕೆ ಎಳೆದುಕೊಂಡೆ.

ಮಾವನಿಗೆ ಎಡಗೈ ಮೇಲೆ ನಾಲ್ಕು ಕಡೆ ಕಚ್ಚಿದ್ದವು. ಅತ್ತೆಯ ಮುಖ ಗುರುತು ಸಿಗದಂತೆ ಊದಿತು. ಗದ್ದೆ ಕಡೆಯವರನ್ನು ಕೂಗಿ ಕರೆದು, ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನ ಡಾಕ್ಟರು ಏನನ್ನೂ ಹೇಳಲೊಪ್ಪಲಿಲ್ಲ. ಎರಡನೆಯ ದಿನ ಅವಳು ಕಣ್ಣು ಬಿಟ್ಟಾಗ ಸುತ್ತ ನೆಂಟರೆಲ್ಲ ನಿಂತಿದ್ದರು. ಏನಾಯಿತು ಎಂದು ಯಾರೋ ಕೇಳಿದರು. ನಾನು ಗೋಡೆ ನೋಡುತ್ತಿದ್ದೆ. ಊದಿದ ತುಟಿಯಲ್ಲೇ ಅತ್ತೆ ಹೇಳಿದಳು: ‘ನಮ್ಮೈದ ಕಂಬ್ಳಿ ತರಕ್ಕೆ ಒಳಿಕ್ ಓಡ್ದ. ಇಲ್ದಿದ್ರೆ ನಾವಿಬ್ರೂ ಇರ್ತಿರ್ಲಿಲ್ಲ.’

ಆ ಮಾತನ್ನು ನಾನು ತಿದ್ದಲಿಲ್ಲ. ಅದೇ ಮಾತು ನಾನು ಹೆಣ್ಣು ನೋಡಲು ಹೋದ ಮನೆಗೂ ಮುಟ್ಟಿತ್ತು. ಮಕ್ಕಳಿಗೆ ಧೈರ್ಯದ ಪಾಠ ಮಾಡುವಾಗ ಕರಿಹಲಗೆಯ ಕಡೆ ತಿರುಗಿಕೊಂಡೇ ಮಾಡುತ್ತಿದ್ದೆ.

ಹೋದ ಭಾನುವಾರ ಮಾತ್ರ ತಡೆಯಲಾಗಲಿಲ್ಲ. ನೆಂಟರು ಹೊರಟ ಮೇಲೆ ಪಾಂಡವಪುರದ ಬಸ್ಸು ಹತ್ತಿದೆ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದ ಅವರ ಮಗ ಗದ್ದೆಯಲ್ಲಿದ್ದ, ಸೊಸೆ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಅತ್ತೆ ಜಗುಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಳು.

‘ಅತ್ತೆ, ಅವತ್ತು ನಾನು ಕಂಬಳಿ ತರಕ್ಕೆ ಓಡ್ಲಿಲ್ಲ.’

ಅವಳ ಬೆರಳು ನಿಲ್ಲಲಿಲ್ಲ. ‘ಗೊತ್ತು ಕಣ್ಲಾ. ಚಿಲ್ಕದ್ ಸದ್ದು ಕೇಳುಸ್ತು.’

‘ಮತ್ತೆ ಯಾಕೆ ಎಲ್ರಿಗೂ ಅಂಗಂದೆ?’

ಅತ್ತೆ ಹೂವನ್ನು ಮಡಿಲಲ್ಲಿಟ್ಟಳು. ‘ನೀನು ಒಳಿಕ್ ಓದ್ಮೇಲೆ ನಾನೇನ್ ಮಾಡ್ದೆ ಅಂತ ಗೊತ್ತಾ?’

‘ಮಾವನ ಮೇಲೆ ಬಿದ್ದೆ.’

‘ಅದು ಆಮೇಕೆ. ಮೊದ್ಲು ನಾನೂ ಓಡ್ದೆ. ಗೇಟ್ಗಂಟ ಓಡ್ದೆ. ಅಗುಳಿಗೆ ಕೈ ಆಕಿ ತಿರುಗ್ ನೋಡ್ದೆ. ನಿಮ್ಮಾವ ನನ್ನೇ ನೋಡ್ತಾವ್ರೆ.’

ಮಡಿಲಿನ ಹೂವನ್ನು ಮತ್ತೆ ಕೈಗೆತ್ತಿಕೊಂಡಳು. ‘ನಿನ್ ಓಟ ಮುಚ್ಚುದ್ರೆ ನನ್ನೋಟಾನೂ ಯಾರೂ ಕೇಳಕಿಲ್ಲ ಅಂದ್ಕಂಡೆ. ಅವ್ರು ಮೂರು ವರ್ಸ ಇದ್ರಲ್ಲ ಆಮೇಕೆ, ದಿನಾ ಗಂಜಿ ಕುಡುಸ್ವಾಗ ಮೊಕ ನೋಡ್ತಿದ್ದೆ. ಏನಂದ್ಕಂಡಿದ್ರೋ. ಮಾತ್ ಬಂದಿದ್ರೆ ಬಯ್ದಾದ್ರೂ ಬಯ್ಯೋರು.’

‘ತಿರುಗಿ ಬಂದ್ಯಲ್ಲ ಅತ್ತೆ.’

‘ನೀನೂ ಬಂದೆ.’

ತೋಟದಲ್ಲಿ ಬಿಸಿಲು ತಣ್ಣಗಾಗುತ್ತಿತ್ತು. ಕೊನೆಗೆ ನಾನು, ಇದನ್ನೆಲ್ಲ ಬರೆಯಬೇಕು ಅನ್ನಿಸ್ತಿದೆ, ನಂದಷ್ಟನ್ನೇ ಬರೀತೀನಿ, ನಿಂದು ಬೇಡ ಎಂದೆ.

ಅತ್ತೆ ದಾರವನ್ನು ಹಲ್ಲಲ್ಲಿ ಕಡಿದಳು. ‘ಬರಿಯದಾದ್ರೆ ಇಬ್ರುದೂ ಬರಿ. ಒಬ್ರುದೇ ಬರುದ್ರೆ ಅದೂ ಸುಳ್ಳೇಯ.’