ಕೊಬ್ಬರಿಯಂತೆ ಅಲ್ಲಾಡಿಸಿದ ಟೋನರ್

ಸ್ನೇಹಿತರೇ, ತಿಪಟೂರಿನಲ್ಲಿ ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಯಲ್ಲಿ ಇವತ್ತು ಅರಳಗುಪ್ಪೆಯ ಅಜ್ಜರೊಬ್ಬರ ಗೃಹಪ್ರವೇಶದ ಪತ್ರಿಕೆ ಮಸುಕಾಗಿ ಪ್ರಿಂಟಾಯಿತು.

“ನಮ್ಮವಳ ಹೆಸ್ರು ಮೊದಲ್ನೇ ಸಲ ಅಚ್ಚಾಗ್ತಿರೋದು. ಓದಕ್ಕೇ ಆಗಲ್ವಲ್ಲವ್ವ” ಎಂದರು.

ಪ್ರಿಂಟರಿನ ಶಾಯಿಪುಡಿ, ಅಂದರೆ ಟೋನರ್, ಮುಗಿದಿರಬೇಕೆಂದು ಮಾಲೀಕರು ಅದರ ಡಬ್ಬಿ ತೆಗೆದರು. ಅಜ್ಜ ಅದನ್ನು ಇಸಿದುಕೊಂಡು, ಒಣಗಿದ ಕಾಯೊಳಗೆ ಕೊಬ್ಬರಿ ಸದ್ದು ಮಾಡುತ್ತದೆಯೇ ಎಂದು ಪರೀಕ್ಷಿಸುವ ಹಾಗೆ ಕಿವಿಯ ಬಳಿ ಅಲ್ಲಾಡಿಸಿದರು.

“ಒಳಗೆ ಮಾಲೈತೆ ಕಣಪ್ಪ. ಇದ್ರ ತಪ್ಪಲ್ಲ ಬುಡು.”

ನಿಜ, ತಪ್ಪು ನನ್ನದೇ. ವಾಟ್ಸಾಪಿನಲ್ಲಿ ತೋರಿಸಲೆಂದು ಕಡಿಮೆ ಗುಣಮಟ್ಟದಲ್ಲಿ ಮಾಡಿದ್ದ ಪಿಡಿಎಫನ್ನೇ ಪ್ರಿಂಟಿಗೆ ಕೊಟ್ಟಿದ್ದೆ. ಹೊಸದಾಗಿ ಮಾಡಿ ಕೊಟ್ಟಾಗ ಅವರ ಹೆಂಡತಿಯ ‘ನಂಜಮ್ಮ’ ಎಂಬ ಹೆಸರು ಕಡೆದಿಟ್ಟಂತೆ ಬಂತು. ಅಜ್ಜ ಅದರ ಮೇಲೆ ಬೆರಳಾಡಿಸಿದರು.

“ಆ ಮಸುಕಿಂದೂ ಒಂದು ಕೊಡವ್ವ. ಮೊದ್ಲು ಅವ್ಳಿಗೆ ಅದನ್ನೇ ತೋರ್ಸಿ ಬೈಸ್ಕೊಂಡು, ಆಮೇಲೆ ಇದನ್ನ ತೆಗಿತೀನಿ.”

ನನ್ನ ತಪ್ಪನ್ನು ಇಷ್ಟು ಜೋಪಾನವಾಗಿ ಮಡಿಚಿ ಜೇಬಿಗಿಟ್ಟುಕೊಂಡವರು ಇವರೊಬ್ಬರೇ.