ಒಂದು ಚೀಲದಲ್ಲಿ ಹದಿನಾಲ್ಕು ಅಲಗು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ತಮಿಳುನಾಡಿನ ಗಡಿಯ ತಳಿ ಅನ್ನೋ ಊರಲ್ಲಿ ನಮ್ಮ ಕುಲುಮೆಯಲ್ಲಿ ಸಾಣೆ ಹಿಡಿಯುತ್ತಿದ್ದೆ. ಈಗಲೂ ಅಲ್ಲೇ ಇದ್ದೀನಿ. ಬಲಭುಜ ಎತ್ತಲಿಕ್ಕೆ ಆಗಲ್ಲ, ಅದಕ್ಕೆ ಅರ್ಧ ದಿನ ಮಾತ್ರ. ಮದುವೆಯಾಗಿ ಬಂದ ವರ್ಷ ತಿದಿ ಒತ್ತೋದರಿಂದ ಶುರು ಮಾಡಿದವಳು. ಯಜಮಾನರು ಹೋದ ಮೇಲೆ ಸುತ್ತಿಗೆ ನನ್ನ ಮೈದುನನ ಮಗ ಮುನಿರಾಜನ ಕೈಗೆ ಹೋಯಿತು. ಹದ ಹಾಕೋದು, ಸಾಣೆ ಹಿಡಿಯೋದು ನನ್ನ ಪಾಲಿಗೆ ಉಳಿಯಿತು. ಹದ ಅಂದರೆ ಕಾದ ಅಲಗನ್ನು ನೀರಿಗೆ ಅದ್ದಿ ಗಟ್ಟಿ ಮಾಡೋದು. ಜಾಸ್ತಿಯಾದರೆ ಮುರಿಯುತ್ತದೆ, ಕಮ್ಮಿಯಾದರೆ ಬಾಗುತ್ತದೆ. ನಲವತ್ತೊಂದು ವರ್ಷ ಇದೇ ಕೆಲಸ. ಓದಿದ್ದು ಕನ್ನಡ ಇಸ್ಕೂಲಲ್ಲಿ ಎರಡನೇ ಕ್ಲಾಸು. ಇಷ್ಟು ಬರೆಯಲಿಕ್ಕೆ ಹನ್ನೆರಡು ದಿನ ಹಿಡಿದಿದೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಈ ಸಂಗತಿ ನಡೆಯೋದಕ್ಕೆ ಸ್ವಲ್ಪ ಕಾಲ ಮುಂಚೆ ಪೊಲೀಸಿನವರು ಕುಲುಮೆಗೆ ಬಂದು, ಒಂದು ರಿಜಿಸ್ಟರ್ ಇಡಬೇಕು ಅಂದಿದ್ದರು. ಮಚ್ಚು ಯಾರು ತಗೊಂಡು ಹೋದರು, ಅವರ ಹೆಸರು, ಊರು, ಫೋನ್ ನಂಬರು ಎಲ್ಲ ಬರೆಯಬೇಕು. ಎಲ್ಲೋ ಯಾರನ್ನೋ ಕಡಿದು ಹಾಕಿದರೆ ಮಚ್ಚು ಎಲ್ಲಿಂದ ಬಂತು ಅಂತ ಹುಡುಕಲಿಕ್ಕೆ. ತಪ್ಪು ಅನ್ನಲ್ಲ. ಆದರೆ ಮುನಿರಾಜನ ಕೈ ದಿನವೆಲ್ಲಾ ಮಸಿ, ಪುಸ್ತಕ ನನ್ನ ತಲೆಗೆ ಬಂತು. ನನಗೆ ಒಂದು ಹೆಸರು ಬರೆಯೋ ಹೊತ್ತಿಗೆ ಎರಡು ಕುಡುಗೋಲಿಗೆ ಸಾಣೆ ಆಗುತ್ತದೆ. ಅದಕ್ಕೆ ನನ್ನದೇ ಒಂದು ಲೆಕ್ಕ ಮಾಡಿಕೊಂಡೆ. ಬಂದವರ ಹೆಸರು ಒಂದು ಸಲ ಬರೆಯೋದು, ಅವರು ತಂದ ಅಲಗು ಎಷ್ಟೋ ಅಷ್ಟು ಗೀಟು ಎಳೆಯೋದು. ಸುಲಭ. ಆ ಸುಲಭವೇ ಕುತ್ತಿಗೆಗೆ ಬಂತು.

ಅಂಚೆಟ್ಟಿ ಆಚೆಯ ಹಟ್ಟಿಗಳ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಬಸ್ಸು ಕಮ್ಮಿ, ನಡಿಗೆ ಜಾಸ್ತಿ. ಒಂದು ಮಚ್ಚಿಗೆ ಸಾಣೆ ಹಿಡಿಸಲು ಯಾರೂ ಒಂದು ದಿನದ ಕೂಲಿ ಬಿಟ್ಟು ತಳಿಗೆ ಬರಲ್ಲ. ಯಾರು ಈ ಕಡೆ ಹೊರಟಿರುತ್ತಾರೋ ಅವರ ತಲೆ ಮೇಲೆ ಇಡೀ ಹಟ್ಟಿಯ ಮಚ್ಚು ಗೋಣಿಚೀಲದಲ್ಲಿ ಕಟ್ಟಿ ಕಳಿಸುತ್ತಾರೆ. ನಮ್ಮತ್ತೆಯ ಕಾಲದಿಂದ ಹೀಗೇ. ಯಾವುದು ಯಾರದು ಅಂತ ಚೀಟಿ ಗೀಟಿ ಇರಲ್ಲ. ಊರಿಗೆ ಹೋಗಿ ಚೀಲ ಸುರಿದರೆ ಅವರವರದು ಅವರವರು ಎತ್ತಿಕೊಳ್ಳುತ್ತಾರೆ.

ಅಂಥ ಒಂದು ಹಟ್ಟಿಯಿಂದ ಚೀಲ ಹೊತ್ತು ಬರುತ್ತಿದ್ದವಳು ಮಾದೇವಿ. ಇಪ್ಪತ್ಮೂರು ವರ್ಷದ ಹುಡುಗಿ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ವೈರ್ ಜೋಡಿಸೋ ಕೆಲಸ, ಎರಡು ವರ್ಷದಿಂದ ಕಂಟ್ರಾಕ್ಟ್ ಮೇಲೆ. ಆ ತಿಂಗಳು ಅವಳಿಗೆ ಪರ್ಮನೆಂಟ್ ಕಾಗದ ಬರೋದಿತ್ತು. ಅದಕ್ಕೆ ಪೊಲೀಸಿನಿಂದ, ಇವಳ ಮೇಲೆ ಏನೂ ಕೇಸಿಲ್ಲ ಅಂತ ವೆರಿಫಿಕೇಶನ್ ಆಗಬೇಕು. ವಾರದ ರಜೆಯ ದಿನ ಚೀಲ ತರುತ್ತಿದ್ದಳು. ಅವಳು ಬಂದರೆ ಕುಲುಮೆಯಲ್ಲಿ ಸುತ್ತಿಗೆಗಿಂತ ಅವಳ ಸದ್ದೇ ಜಾಸ್ತಿ.

ಅವತ್ತು ಹನ್ನೊಂದು ಗಂಟೆಗೆ ಬಂದು ಚೀಲ ಸುರಿದಳು. "ಅಜ್ಜಿ, ನಮ್ಮೂರ ಗಂಡಸ್ರಿಗೆ ಬಾಯಿ ಹರಿತ, ಮಚ್ಚು ಮೊಂಡು" ಅಂದಳು.

"ಮಚ್ಚು ಕೊಡು. ಬಾಯಿ ಮೊಂಡು ಮಾಡೋ ಕೆಲ್ಸ ನಂಗೆ ಬರಾಕಿಲ್ಲ ಕಣಮ್ಮಿ" ಅಂದೆ.

ಹದಿಮೂರು ಮಚ್ಚು ಹಟ್ಟಿಯವರದು. ಹದಿನಾಲ್ಕನೆಯದು ಅವಳದೇ, ಒಂದು ಚಿಕ್ಕ ಚಾಕು. ಅದರ ಸಂಗತಿ ಮುಂದೆ ಬರುತ್ತದೆ. ಎರಡು ಗಂಟೆಗೆ ಎಲ್ಲ ಮುಗಿಯಿತು. ಪುಸ್ತಕದಲ್ಲಿ ಮಾದೇವಿ ಅಂತ ಬರೆದು ಹದಿನಾಲ್ಕು ಗೀಟು ಎಳೆದೆ. ಅವಳು ಚೀಲ ಹೊತ್ತು ಬಸ್ಸು ಹತ್ತಿದಳು.

ಮೂರೂವರೆಗೆ ಮುನಿರಾಜನ ಫೋನು ಬಡಿದುಕೊಂಡಿತು. ಹೊಸೂರು ಕಡೆ ಯಾವುದೋ ಕೊಲೆಯಾಗಿ ದಾರಿಯಲ್ಲೆಲ್ಲ ತಪಾಸಣೆ ನಡೆದಿತ್ತಂತೆ. ಬಸ್ಸಿಗೆ ಹತ್ತಿದ ಪೊಲೀಸಿನವನ ಕಾಲು ಚೀಲಕ್ಕೆ ತಗುಲಿದೆ. ಬಿಚ್ಚಿ ನೋಡಿದರೆ ಹೊಸ ಸಾಣೆಯ ಹದಿನಾಲ್ಕು ಅಲಗು, ಬೆಳ್ಳಗೆ ಹೊಳೆಯುತ್ತಾ. ಇದೆಲ್ಲ ಊರವರದು ಅಂತ ಇವಳು ಹೇಳಿದಳಂತೆ. ಸಾಕ್ಷಿ ಏನು ಅಂದಾಗ, ಅಜ್ಜಿ ಪುಸ್ತಕದಲ್ಲಿ ಬರೆದಿದೆ ನೋಡಿ ಅಂದಳಂತೆ. ಪಾಪ, ನನ್ನ ಪುಸ್ತಕವನ್ನು ನಂಬಿದವಳು ಅವಳೊಬ್ಬಳೇ.

ಜೀಪು ಬಂತು. ಮುನಿರಾಜ ತಾನೂ ಬತ್ತೀನಿ ಅಂದ. ನೀನು ಬೆಂಕಿ ನೋಡ್ಕೊಳ್ಳಲಾ ಅಂತ ಅವನನ್ನು ಬಿಟ್ಟು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಯಾವ ಠಾಣೆ ಅಂತ ಬರೆಯಲ್ಲ. ಅವತ್ತಿದ್ದವರು ಈಗ ಬೇರೆ ಬೇರೆ ಕಡೆ ಇದ್ದಾರೆ.

ಮಾದೇವಿ ಬೆಂಚಿನ ಮೇಲೆ ಕೂತಿದ್ದಳು. ಅಲಗುಗಳನ್ನೆಲ್ಲ ನೆಲದ ಮೇಲೆ ಪೇಪರ್ ಹಾಸಿ ಸಾಲಾಗಿ ಇಟ್ಟಿದ್ದರು. ಇನ್ಸ್‌ಪೆಕ್ಟರ್ ತಮಿಳಿನವರು. ರೈಟರ್ ತೆಲುಗು ಮನೆಯವರು, ಕನ್ನಡ ಓದಲು ಬರುತ್ತಿತ್ತು. ಠಾಣೆಯಲ್ಲಿ ಕಾಗದಪತ್ರ ಬರೆಯುವ ಪೊಲೀಸಿನವರಿಗೆ ರೈಟರ್ ಅನ್ನುತ್ತಾರೆ. ಅವರು ನನ್ನ ಪುಸ್ತಕ ತೆಗೆದು ಆ ಹಾಳೆ ಓದಿದರು. ಇನ್ಸ್‌ಪೆಕ್ಟರ್ ಗೀಟು ಎಣಿಸಿ ನನ್ನ ಕಡೆ ತಿರುಗಿದರು.

"ಪಾಟಿ, ನಿಮ್ಮ ಪುಸ್ತಕದ ಪ್ರಕಾರ ಹದಿನಾಲ್ಕೂ ಈ ಹುಡುಗೀದೇ." ಪಾಟಿ ಅಂದರೆ ತಮಿಳಲ್ಲಿ ಅಜ್ಜಿ.

ನನ್ನ ಕೈಯಾರೆ ಬರೆದು ಅವಳನ್ನು ಕಟ್ಟಿಹಾಕಿದ್ದೆ.

ರೈಟರ್ ಒಳ್ಳೆಯ ಮನುಷ್ಯ. ಕಾನೂನು ಏನು ಅಂತ ನನಗೆ ಬಿಡಿಸಿ ಹೇಳಿದರು. ಅಲಗು ಒಂಬತ್ತು ಇಂಚಿಗಿಂತ ಉದ್ದ ಇದ್ದರೆ, ಇಲ್ಲ ಎರಡು ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಲೆಕ್ಕಕ್ಕೆ ಬರುತ್ತದಂತೆ. ಆದರೆ ಮನೆಗೆ, ಹೊಲಕ್ಕೆ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದ್ದಾದರೆ ಬರಲ್ಲ. ಮನೆಯಲ್ಲಿ ಇಟ್ಟುಕೊಂಡರೆ ಯಾರೂ ಕೇಳಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಹಿಡಿದು ಓಡಾಡಿದರೆ ಯಾಕೆ ಅಂತ ಕೇಳುತ್ತಾರೆ, ಒಪ್ಪೋ ಹಾಗೆ ಹೇಳಬೇಕು. ನಲವತ್ತೊಂದು ವರ್ಷ ಅಲಗು ಮಾಡಿದವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಇನ್ನೊಂದು ಮಾತೂ ಹೇಳಿದರು. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಅರೆಸ್ಟ್ ಮಾಡೋ ಹಾಗಿಲ್ಲ, ಅದಕ್ಕೇ ಸಾಹೇಬರು ಅಷ್ಟರೊಳಗೆ ಎಫ್‌ಐಆರ್ ಹಾಕೋದೋ ಬಿಡೋದೋ ತೀರ್ಮಾನ ಮಾಡುತ್ತಾರೆ. ಎಫ್‌ಐಆರ್ ಬಿದ್ದರೆ ಆ ಪರ್ಮನೆಂಟ್ ಕಾಗದ ಮರೆತುಬಿಡಬೇಕು. ಆಗ ನಾಲ್ಕೂಮುಕ್ಕಾಲು.

ನಾನು ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತೆ. "ಪುಸ್ತಕ ಮುಚ್ಚಿಡಿ ಸಾಮಿ. ನಂಗೆ ಅದ್ರಲ್ಲಿ ಓದೋಕೆ ಬರಲ್ಲ. ಇದ್ರಲ್ಲಿ ಬತ್ತದೆ" ಅಂದೆ. ಇನ್ಸ್‌ಪೆಕ್ಟರ್ ಬೇಡ ಅನ್ನಲಿಲ್ಲ.

ಮೊದಲನೆಯದು ಎತ್ತಿಕೊಂಡೆ. ತುದಿ ಮಾತ್ರ ಸವೆದು ಗುಂಡಗಾಗಿತ್ತು. ಇದು ಕಲ್ಲು ನೆಲದಲ್ಲಿ ಬೇಲಿಮುಳ್ಳು ಸವರೋನದು ಅಂದೆ. ಎರಡನೆಯದಕ್ಕೆ ಎಷ್ಟು ಉಜ್ಜಿದರೂ ಹೋಗದ ಕಪ್ಪು, ಹುಣಸೆ ಹುಳಿ ತಿಂದ ಕಬ್ಬಿಣ. ಮೂರನೆಯದಕ್ಕೆ ಸಾಣೆ ಆಚೆ ಬದಿಗೆ ಇತ್ತು. ಎಡಗೈಯವನ ಮಚ್ಚಿಗೆ ಹಾಗೆ ಹಿಡಿಯಬೇಕು, ಇಲ್ಲದಿದ್ದರೆ ಏಟು ಜಾರುತ್ತದೆ. ನಾಲ್ಕನೆಯದರ ಹಿಡಿಗೆ ಹಳೇ ಸೀರೆ ಸುತ್ತಿತ್ತು, ಹೆಂಗಸು, ಸೌದೆ ಸೀಳೋಳು. ಐದನೆಯದರ ಹಿಡಿ ಒಡೆದು ತಂತಿ ಬಿಗಿದಿತ್ತು. "ಇವ್ನಿಗೆ ಹಿಡಿ ಹಾಕಿಸ್ಕೊಳ್ಳಪ್ಪ ಅಂತ ನಾಲ್ಕು ವರ್ಸದಿಂದ ಹೇಳಿ ಕಳಿಸ್ತಾ ಇವ್ನಿ. ತಂತಿ ಸುತ್ಕೊಂಡೇ ಸಾಯ್ತಾನೆ" ಅಂದೆ. ಬಾಗಿಲಲ್ಲಿದ್ದ ಪಹರೆಯವನು ನಕ್ಕುಬಿಟ್ಟ. ಹೀಗೇ ಹದಿಮೂರೂ ಮುಗಿಸಿದೆ.

ಇನ್ಸ್‌ಪೆಕ್ಟರ್ ನಗಲಿಲ್ಲ. ಹಟ್ಟಿಯಲ್ಲಿ ಹಾಲು ಅಳೆಯುವವನ ಫೋನ್ ನಂಬರನ್ನು ಮಾದೇವಿಯಿಂದ ತಗೊಂಡು ರೈಟರ್ ಕೈಯಲ್ಲಿ ಫೋನ್ ಮಾಡಿಸಿದರು. ಇಲ್ಲಿ ನಡೆದಿದ್ದು ಏನೂ ಹೇಳದೆ, ನಿಮ್ಮೂರಲ್ಲಿ ಎಡಗೈಯವನು ಯಾರಪ್ಪ, ಅವನ ಮಚ್ಚು ಎಲ್ಲಿದೆ ಅಂತ ಕೇಳಿಸಿದರು. ತಂತಿ ಸುತ್ತಿದ ಹಿಡಿ ಯಾರದು ಅಂತ ಕೇಳಿಸಿದರು. ಆ ಕಡೆಯಿಂದ ಒಂದೊಂದೇ ಹೆಸರು ಬಂತು. ನಾನು ಒಂದು ಹೆಸರೂ ಹೇಳಲಿಲ್ಲ, ನನಗೆ ಗೊತ್ತೂ ಇರಲಿಲ್ಲ. ಕೈ ಹೇಳಿದೆ, ಕೆಲಸ ಹೇಳಿದೆ. ಹದಿಮೂರೂ ತಾಳೆ ಬಿತ್ತು. ರೈಟರ್ ಒಂದು ಸ್ಕೇಲ್ ಇಟ್ಟು ಅಳೆದರು. ಎಲ್ಲ ಹತ್ತು, ಹನ್ನೊಂದು ಇಂಚಿನವು, ಎರಡೂವರೆ ಇಂಚು ಅಗಲ. ಅಳತೆ ನೋಡಿದರೆ ಹದಿಮೂರೂ ಆಯುಧ. ಕೆಲಸ ನೋಡಿದರೆ ಒಂದೂ ಅಲ್ಲ.

ಆಮೇಲೆ ಇನ್ಸ್‌ಪೆಕ್ಟರ್ ಹದಿನಾಲ್ಕನೆಯದನ್ನು ತಾವೇ ಎತ್ತಿಕೊಂಡರು. ಸ್ಕೇಲ್ ಇಟ್ಟರು. ಆರು ಇಂಚು ಉದ್ದ, ಒಂದು ಇಂಚು ಅಗಲ. ಅಳತೆಯಲ್ಲಿ ಅದು ಏನೂ ಅಲ್ಲ. ಆದರೆ ಹೆಬ್ಬೆರಳನ್ನು ಈ ಬದಿ ಮುಟ್ಟಿಸಿದರು, ಆ ಬದಿ ಮುಟ್ಟಿಸಿದರು. ಎರಡೂ ಬದಿ ಹರಿತ, ತುದಿ ಸೂಜಿ.

"ಇದು ಯಾವ ಕೆಲಸಕ್ಕೆ ಪಾಟಿ?"

ತರಕಾರಿ ಹೆಚ್ಚೋದು ಅಂತ ನಾಲಿಗೆ ತುದಿಗೆ ಬಂದಿತ್ತು. ಮಾದೇವಿ ನನ್ನನ್ನೇ ನೋಡುತ್ತಿದ್ದಳು. ಆದರೆ ಬೆನ್ನಿಗೂ ಸಾಣೆ ಇರುವ ಚಾಕುವಲ್ಲಿ ಯಾರೂ ಈರುಳ್ಳಿ ಹೆಚ್ಚಲ್ಲ, ಬೆರಳಿಡಲು ಜಾಗವೇ ಇರಲ್ಲ. ಆ ಮನುಷ್ಯನಿಗೆ ಅದು ಗೊತ್ತಿತ್ತು. ಇಲ್ಲಿ ಒಂದು ಸುಳ್ಳು ಹೇಳಿದರೆ ಹಿಂದಿನ ಹದಿಮೂರನ್ನೂ ನಂಬಲ್ಲ. ಧರ್ಮಕ್ಕೆ ಅಂಜಿ ನಿಜ ಹೇಳಿದೆ ಅಂತ ತಿಳಿಯಬೇಡಿ. ಲೆಕ್ಕ ಹಾಕಿ ಹೇಳಿದೆ.

"ಇದು ಕೆಲ್ಸದ್ದಲ್ಲ ಸಾಮಿ. ಎರಡೂ ಕಡೆ ಸಾಣೆ ಹಿಡಿದೋಳು ನಾನು. ಕೇಳಿದ್ಲು, ಹಿಡ್ಕೊಟ್ಟೆ. ಯಾಕೆ ಅಂತ ಕೇಳ್ಲಿಲ್ಲ."

ಕೇಳದಿದ್ದರೂ ಗೊತ್ತಿತ್ತು, ಅದು ಬೇರೆ ಮಾತು. ಮಾದೇವಿ ಎದ್ದು ನಿಂತಳು. ಬೆಳಗಿನ ಪಾಳಿಗೆ ಕಂಪನಿ ಬಸ್ಸು ದೊಡ್ಡ ರಸ್ತೆಗೆ ಬರುತ್ತದೆ, ಹಟ್ಟಿಯಿಂದ ರಸ್ತೆಗೆ ಮೂರು ಕಿಲೋಮೀಟರ್ ಕಾಡುದಾರಿ, ಒಬ್ಬಳೇ ಹೋಗಬೇಕು. ಬಿದಿರುಮೆಳೆಯ ತಿರುವಿನಲ್ಲಿ ಎರಡು ಸಲ ಒಂದು ಬೈಕು ಅಡ್ಡ ನಿಂತಿತ್ತು. ಇಬ್ಬರು ಗಂಡಸರು, ಪರ ಊರಿನವರು. ಆಮೇಲೆ ಚಾಕು ಮಾಡಿಸಿದ್ದು. ಅದನ್ನು ಕಂಪನಿಗೆ ಒಯ್ಯಲ್ಲ, ಬಸ್ಸು ನಿಲ್ಲೋ ಕಡೆ ಟೀ ಅಂಗಡಿಯಲ್ಲಿ ಇಟ್ಟು ಹೋಗುತ್ತಾಳೆ. ಇಷ್ಟನ್ನೂ ಅಳದೆ ಹೇಳಿದಳು.

ಆವಾಗಲೇ ಯಾಕೆ ಕಂಪ್ಲೇಂಟ್ ಕೊಡಲಿಲ್ಲ ಅಂತ ರೈಟರ್ ಕೇಳಿದರು.

"ಕಂಪ್ಲೇಂಟ್ ಕೊಟ್ರೆ ಮನೇಲಿ ಕೆಲ್ಸ ಬಿಡು ಅಂತಾರೆ ಸಾರ್. ಬೈಕಿನವ್ರಿಗೆ ಯಾರೂ ಏನೂ ಬಿಡು ಅನ್ನಲ್ಲ."

ಇನ್ಸ್‌ಪೆಕ್ಟರ್ ಚಾಕುವನ್ನು ಮಚ್ಚುಗಳಿಂದ ದೂರ ಬೇರೆ ಇಟ್ಟರು. ಆಮೇಲೆ ಎಫ್‌ಐಆರ್ ಬೇಡ ಅಂದರು. ಹದಿಮೂರು ಮಚ್ಚು ಚೀಲಕ್ಕೆ ಹೋಯಿತು. ಚಾಕು ಠಾಣೆಯಲ್ಲೇ ಉಳಿಯಿತು. ಇನ್ನು ಮುಂದೆ ಎರಡು ಬದಿ ಸಾಣೆ ಹಿಡಿಯಲ್ಲ ಅಂತ ನನ್ನಿಂದ ಬರೆಸಿಕೊಂಡರು. ಹೆಬ್ಬೆಟ್ಟು ಒತ್ತು ಅಂದರು, ನಾನು ಸಹಿ ಹಾಕಿದೆ. ಬೆಳಿಗ್ಗೆ ಆ ದಾರಿಗೆ ಜೀಪು ಕಳಿಸುತ್ತೀವಿ ಅಂತಲೂ ಹೇಳಿದರು. ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾದೇವಿ ನನಗೆ ಕಾಯಲಿಲ್ಲ. ಚೀಲ ಹೊತ್ತು ಬಸ್ಸಿಗೆ ಹೋದಳು.

ಜೀಪು ಒಂದು ವಾರ ಬಂತಂತೆ. ಇವಳು ಯಾರು ಅಂತ ವಿಚಾರಿಸಲು ಅವತ್ತೇ ಮಧ್ಯಾಹ್ನ ಠಾಣೆಯಿಂದ ಕಂಪನಿಗೆ ಫೋನ್ ಹೋಗಿತ್ತು. ಕೇಸೇನೂ ಇಲ್ಲ, ಆದರೂ ಆ ತಿಂಗಳು ಬರಬೇಕಿದ್ದ ಕಾಗದ ಬಂದಿದ್ದು ಮಾರನೇ ವರ್ಷ. ಅಷ್ಟು ತಿಂಗಳು ಜಾಸ್ತಿ ಸಿಗಬೇಕಿದ್ದ ಸಂಬಳ ನನ್ನ ಹದಿನಾಲ್ಕು ಗೀಟಿಗೆ ಹೋಯಿತು ಅಂತಲೇ ನಾನು ತಿಳಿದಿದ್ದೀನಿ.

ಈಗ ನನ್ನ ಪುಸ್ತಕದಲ್ಲಿ ಒಂದು ಅಲಗಿಗೆ ಒಂದು ಸಾಲು. ಹೊತ್ತು ತಂದವರ ಹೆಸರು ಒಂದು ಕಡೆ, ಅಲಗು ಯಾರದು ಅಂತ ಇನ್ನೊಂದು ಕಡೆ, ಕೊನೆಗೆ ಯಾವ ಕೆಲಸಕ್ಕೆ ಅಂತ. ಹುಣಸೆ, ಬೇಲಿ, ಸೌದೆ, ತೆಂಗು. ಬರೆಯಲಿಕ್ಕೆ ಹೊತ್ತು ಹಿಡಿಯುತ್ತದೆ, ಬಂದವರು ಗೊಣಗುತ್ತಾರೆ. ಗೊಣಗಲಿ. ಚೀಲ ಹೊತ್ತು ಹೋಗುವವರ ಕೈಗೂ ಅದೇ ಪಟ್ಟಿ ಮುನಿರಾಜನಿಂದ ತಮಿಳಲ್ಲಿ ಬರೆಸಿ ಕೊಡುತ್ತೀನಿ. ಇಷ್ಟು ವರ್ಷ, ನಾನು ಹರಿತ ಮಾಡೋಳು, ಆಮೇಲೆ ಅದು ಎಲ್ಲಿ ಹೋಗುತ್ತದೋ ನನಗೇನು ಅಂತಿದ್ದೆ. ಹಾಗಲ್ಲ. ಯಾವ ಕೆಲಸಕ್ಕೆ ಅಂತ ಕೇಳೋದೂ ಸಾಣೆ ಹಿಡಿಯೋದರಲ್ಲೇ ಸೇರಿದ್ದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದೂ ತಡವಾಗಿ.

ಮಾದೇವಿ ಎರಡು ತಿಂಗಳು ಬರಲಿಲ್ಲ. ಆಮೇಲೆ ಒಂದು ರಜೆಯ ದಿನ ಚೀಲ ತಂದಳು. ಒಂದೊಂದು ಮಚ್ಚಿಗೂ ಹೆಸರಿನ ಚೀಟಿ ಕಟ್ಟಿದ್ದಳು. ಸಾಣೆ ಮುಗಿದ ಮೇಲೆ ಚೀಲ ಕಟ್ಟುತ್ತಾ, "ಆ ಚಾಕು ಹೋಯ್ತಲ್ಲ, ಅದ್ರ ಬದ್ಲು ನಂಗೇನು ಕೊಡ್ತೀಯಜ್ಜಿ?" ಅಂದಳು.

ಬೈಕು ಇನ್ನೂ ಬರ್ತದಾ ಅಂತ ಕೇಳಿದೆ. ಬಂದ್ರೂ ಬರಬಹುದು ಅಂದಳು. ಒಳಗೆ ಹೋಗಿ ಒಂದು ಕುಡುಗೋಲು ತಂದೆ. ಹುಲ್ಲು ಕುಯ್ಯೋದು, ಒಂದೇ ಬಾಯಿ, ತುದಿ ಮಾತ್ರ ಸೂಜಿ ಹಾಗೆ ಎಳೆದದ್ದು. ಜೊತೆಗೆ ಒಂದು ಮಾರು ಹಗ್ಗ.

"ಇದನ್ನ ಟೀ ಅಂಗ್ಡೀಲಿ ಇಡು. ಸಾಯಂಕಾಲ ವಾಪಸ್ ಬರೋವಾಗ ಮೇಕೆಗೆ ಒಂದು ಹೊರೆ ಕುಯ್ಕೊಂಡು ಹೋಗು. ದಿನಾ ಕುಯ್ಯಬೇಕು. ಯಾರಾನ ಕೇಳಿದ್ರೆ ಹುಲ್ಲಿಗೆ ಅನ್ನು. ಅದು ನಿಜ ಆಗಿರ್ಬೇಕು, ತಿಳೀತಾ?"

"ದಿನಾ ಎಂಟು ಗಂಟೆ ನಿಂತು ಬಂದು ಹುಲ್ಲು ಬೇರೆ ಕುಯ್ಯಬೇಕಾ?" ಅಂದಳು.

"ಹೂಂ" ಅಂದೆ.

ಪುಸ್ತಕದಲ್ಲಿ ಬರೆದೆ. ಮಾದೇವಿ, ಕುಡುಗೋಲು ಒಂದು, ಹುಲ್ಲಿಗೆ. ಈಗ ಎರಡು ಮೂರು ತಿಂಗಳಿಗೊಮ್ಮೆ ಆ ಕುಡುಗೋಲು ಸಾಣೆಗೆ ಬರುತ್ತದೆ. ಚೀಲದಿಂದ ಮೊದಲು ಅದನ್ನೇ ಎತ್ತಿ ನೋಡುತ್ತೀನಿ. ಹೊಟ್ಟೆಯ ಕಡೆ ಸವೆದಿರುತ್ತದೆ, ಹುಲ್ಲು ಕುಯ್ದ ಸವೆತ. ತುದಿ ಮಾತ್ರ ಇಲ್ಲಿಯ ತನಕ ನಾನು ಕೊಟ್ಟ ಹಾಗೇ ಇದೆ.